ಊಟವೋ, ನಾಷ್ಟಾವೋ?

ಹೆಣ್ಣು ನೋಡಲು ಹೋಗಿ ಹೊಟ್ಟೆ ಕೆಡಿಸಿಕೊಂಡು ಬಂದವರು ಬಹಳ ಜನ ಇದ್ದಾರೆ. ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವನು ಬಹುಶಃ ನಾನೊಬ್ಬನೇ. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಹೋದ ಹೋದ ಊರಿನಲ್ಲೆಲ್ಲ ಆಗುತ್ತಿತ್ತು.

ಆಗ ನಾನು ಯಲಬುರ್ಗಾದಲ್ಲಿ ಸರ್ಕಾರಿ ಗುಮಾಸ್ತ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಇಪ್ಪತ್ತರ ವಯಸ್ಸೂ ಮುಗಿಯುತ್ತ ಬಂದಿತ್ತು. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ನನಗೆ ಹೆಣ್ಣು ಹುಡುಕುವ ಅಧಿಕಾರ ಸೋದರಮಾವನ ಕೈಗೆ ಬಂದಿತ್ತು. ಮಾವ ಒಕ್ಕಲುತನದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೆ ಕಾಯ್ದೆ ಮಾತಾಡಲು ನಿಂತರೆ ನಮ್ಮ ಕಚೇರಿಯ ಸಾಹೇಬರ ಬಾಯಿಯನ್ನೂ ಮುಚ್ಚಿಸುತ್ತಿದ್ದ.

ಅವನ ಕಾಯ್ದೆ ಒಂದೇ. ಹೆಣ್ಣು ನೋಡಲು ಹೋದಲ್ಲಿ ನಾಷ್ಟಾ ಮಾಡಬಹುದು, ಚಹಾ ಕುಡಿಯಬಹುದು, ಊಟ ಮಾತ್ರ ಮಾಡಬಾರದು. ಉಂಡರೆ ಹೆಣ್ಣನ್ನು ಒಪ್ಪಿದಂತೆ. ನಮ್ಮ ಕಡೆ ಹಿರಿಯರೆಲ್ಲ ಇದನ್ನು ಹೇಳುತ್ತಿದ್ದರು, ಆದರೆ ಮಾವನಷ್ಟು ಗಟ್ಟಿಯಾಗಿ ಹಿಡಿದವರಿರಲಿಲ್ಲ. ಅದಕ್ಕೆ ಕಾರಣವಿತ್ತು. ತನ್ನ ಕಾಲದಲ್ಲಿ ಅವನು ಒಂದು ಮನೆಗೆ ಹೆಣ್ಣು ನೋಡಲು ಹೋಗಿ, ಹಸಿವು ತಾಳದೆ ಉಂಡುಬಿಟ್ಟನಂತೆ. ಆ ಮನೆಯ ಹುಡುಗಿಯೇ ನಮ್ಮ ಅತ್ತೆ. ಈ ಕತೆಯನ್ನು ಅವನು ಅತ್ತೆಯ ಎದುರಿಗೇ ಹೇಳುತ್ತಿದ್ದ. ಹೇಳಿದ ದಿನ ಸಾರಿನಲ್ಲಿ ಉಪ್ಪು ಇರುತ್ತಿರಲಿಲ್ಲ.

ಕೊಪ್ಪಳದ ಮಿರ್ಚಿ

ಮೊದಲ ಹೆಣ್ಣು ಕೊಪ್ಪಳಕ್ಕೆ ಹತ್ತಿಕೊಂಡ ಭಾಗ್ಯನಗರದಲ್ಲಿ. ಮನೆಯವರು ಮಂಡಕ್ಕಿ, ಮಿರ್ಚಿ ಭಜಿ ಇಟ್ಟರು. ಎರಡೂ ನಾಷ್ಟಾ ಎಂದು ಮಾವ ಕಣ್ಣಿನಲ್ಲೇ ಒಪ್ಪಿಗೆ ಕೊಟ್ಟ. ಕಣ್ಣಿಗೆ ತಣ್ಣಗೆ ಕಂಡ ಒಂದು ಮಿರ್ಚಿಯನ್ನು ನಾನು ಪೂರ್ತಿ ಬಾಯಿಗೆ ಹಾಕಿಕೊಂಡೆ. ಒಳಗಿನ ಮೆಣಸಿನಕಾಯಿಗೆ ನನ್ನ ಮೇಲೆ ಏನು ಸಿಟ್ಟಿತ್ತೋ, ಕಿವಿಯಲ್ಲಿ ಹೊಗೆ ಬಂದಂತಾಯಿತು. ಹುಡುಗಿಯ ತಾಯಿ ಅದನ್ನು ನೋಡಿ, ಪಾಪ ಅಂದು, ಓಡಿಹೋಗಿ ಒಂದು ಬಟ್ಟಲು ಮೊಸರನ್ನ ತಂದರು.

ನಾನು ಕೈ ಚಾಚಿದೆ. ಮಾವ ಆ ಕೈ ಹಿಡಿದುಕೊಂಡ.

“ತಮ್ಮಾ, ಅನ್ನ ಬಂತಂದ್ರ ಊಟ ಆತು. ಕೈ ಹಿಂದ ತಗೋ.”

ನಾನು ಹಿಂದೆ ತೆಗೆದುಕೊಂಡೆ. ಬಾಯಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಹುಡುಗಿ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದಳು. ನಾನು ಅವಳನ್ನು ಸರಿಯಾಗಿ ನೋಡಲಿಲ್ಲ, ಅವಳು ನನ್ನನ್ನು ಚೆನ್ನಾಗಿಯೇ ನೋಡಿದಳು. ಆಮೇಲೆ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಮಾವ ನನ್ನನ್ನು ಕೂಡಿಸಿ, ಇಲ್ಲಿ ಹೆಣ್ಣಿಲ್ಲ, ಎಷ್ಟು ಬೇಕಾದರೂ ಮೊಸರನ್ನ ಉಣ್ಣು ಎಂದ.

ಮೂರು ದಿನಕ್ಕೆ ಅವರ ಉತ್ತರ ಬಂತು. ಹುಡುಗನ ನೌಕರಿ ಒಪ್ಪಿಗೆ, ಮನೆತನ ಒಪ್ಪಿಗೆ, ಆದರೆ ಹುಡುಗಿಯನ್ನು ನೋಡಿದ ಕೂಡಲೇ ಅಳುವ ವರ ತಮಗೆ ಬೇಡ ಎಂದಿದ್ದರು.

ಗಂಗಾವತಿಯಲ್ಲಿ ಅಕ್ಕಿ ಇಲ್ಲದ್ದು

ಮರುವರ್ಷ ಗಂಗಾವತಿ. ಕಾಲುವೆ ನೀರು ಬಂದಮೇಲೆ ಆ ಕಡೆಯವರಿಗೆ ಅನ್ನವೆಂದರೆ ನಮಗೆ ಗಾಳಿ ಇದ್ದ ಹಾಗೆ. ಹೋಗಿ ಕೂತ ಕೂಡಲೇ ಚಿತ್ರಾನ್ನ ಬಂತು. ಮೊಸರನ್ನದ ಗಂಡಾಂತರ ಆದಮೇಲೆ ಮಾವ ಅಕ್ಕಿ ಕಂಡರೇ ಬೆಚ್ಚುತ್ತಿದ್ದ. ಇದು ಊಟ, ಬೇಡ ಎಂದ. ತಮ್ಮಲ್ಲಿ ಇದು ಮುಂಜಾನೆಯ ನಾಷ್ಟಾ ಎಂದು ಮನೆಯವರು ತಿಳಿಸಿ ಹೇಳಿದರು. ಮಾವ ಒಪ್ಪಲಿಲ್ಲ. ಅವರು ಬೇಜಾರು ಮಾಡಿಕೊಳ್ಳದೆ ದೋಸೆ ತಂದರು. ಅದರಲ್ಲೂ ಅಕ್ಕಿ ಇದೆ ಎಂದ. ಅವಲಕ್ಕಿ ತಂದರು. ಹೆಸರಿನಲ್ಲೇ ಅಕ್ಕಿ ಇದೆ ಎಂದ. ಕೊನೆಗೆ ಶಾವಿಗೆ ಬಂತು. ಅದು ಗೋಧಿಯದೋ ಅಕ್ಕಿಯದೋ ಎಂದು ಕೇಳಿದರೆ, ಅಕ್ಕಿಯದು ಅಂದರು.

ಮೂಲೆಯಲ್ಲಿ ಹುಡುಗಿಯ ಅಜ್ಜಿ ಕೂತಿದ್ದಳು. ಮಾವ ಅವಳ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದ.

“ಯವ್ವಾ, ನಿಮ್ಮ ಮನ್ಯಾಗ ಅಕ್ಕಿ ಇಲ್ಲದ್ದು ಏನರ ಐತೇನು?”

“ನೀರ ಐತ್ರಿ,” ಅಂದಳು ಅಜ್ಜಿ. “ಕುಡದು ಹೋಗ್ರಿ.”

ಕುಡಿದು ಬಂದೆವು.

ಕುಷ್ಟಗಿಯ ಸಿಹಿ

ಗಂಗಾವತಿಯಿಂದ ಬಂದಮೇಲೆ ಅವ್ವ ತನ್ನ ಈ ಅಣ್ಣನ ಜೊತೆ ಮಾತು ಬಿಟ್ಟಳು. ಆಗ ಮಾವ ಕಾಯ್ದೆಗೆ ತಿದ್ದುಪಡಿ ಮಾಡಿದ. ಇನ್ನು ಮುಂದೆ ಅನ್ನದ ತಕರಾರಿಲ್ಲ. ರೊಟ್ಟಿ ಮುರಿದರೆ ಊಟ, ಮುರಿಯದಿದ್ದರೆ ನಾಷ್ಟಾ. ನನಗೂ ಇದು ಸರಿ ಕಂಡಿತು. ನಮ್ಮಲ್ಲಿ ರೊಟ್ಟಿ ಇಲ್ಲದೆ ಎಷ್ಟು ತಿಂದರೂ ಯಾರೂ ಉಂಡೆ ಅನ್ನುವುದಿಲ್ಲ.

ಕುಷ್ಟಗಿಯಲ್ಲಿ ಕೂತ ಕೂಡಲೇ ಮಾವ ಈ ಹೊಸ ಕಾಯ್ದೆಯನ್ನು ಮನೆಯವರಿಗೆ ಹೇಳಿದ. ಅವರು ಉಪ್ಪಿಟ್ಟಿನ ಜೊತೆ ಮಾದಲಿ ಕೊಟ್ಟರು, ಮೇಲೆ ತುಪ್ಪ. ನನಗೆ ಸಿಹಿ ಸೇರುವುದಿಲ್ಲ, ಮಾವನಿಗೆ ಅದೇ ಜೀವ. ಎರಡು ಬಟ್ಟಲು ತಿಂದು ಬೆರಳು ಚೀಪಿದ. ಹುಡುಗಿಯ ತಂದೆ ಅವನು ಚೀಪಿ ಮುಗಿಸುವವರೆಗೆ ಕಾದು, ಎದ್ದು ನಿಂತು, ಬೀಗರೇ ಅಂದರು. ಮಾವ ಗಾಬರಿಯಾದ. ಮಾದಲಿ ಹೇಗೆ ಮಾಡುತ್ತಾರೆ ಗೊತ್ತೇ ಎಂದು ಅವರು ಕೇಳಿದರು. ಗೋಧಿ ರೊಟ್ಟಿ ಸುಟ್ಟು, ಮುರಿದು, ಕುಟ್ಟಿ, ಬೆಲ್ಲ ಕೂಡಿಸಿ ಮಾಡುತ್ತಾರೆ. ಅಂದಮೇಲೆ ರೊಟ್ಟಿ ಮುರಿದಾಯಿತು, ಲಗ್ನ ಗಟ್ಟಿಯಾಯಿತು.

ಎರಡು ತಾಸು ವಾದ ನಡೆಯಿತು. ಮುರಿದದ್ದು ಅಡುಗೆಮನೆಯಲ್ಲಿ, ಅಲ್ಲಿ ನಾವಿರಲಿಲ್ಲ ಎಂದು ಮಾವ. ಎಲ್ಲಿ ಮುರಿದರೂ ರೊಟ್ಟಿ ರೊಟ್ಟಿಯೇ ಎಂದು ಅವರು. ಓಣಿಯ ಹಿರಿಯರು ಬಂದು ಕೂತರು. ಹುಡುಗಿ ಬಾಗಿಲ ಸಂದಿಯಿಂದ ಒಂದು ಸಲ ನೋಡಿದಳು. ನನಗೆ ಈ ಲಗ್ನ ಬೇಡ ಅಂತೇನೂ ಇರಲಿಲ್ಲ, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಮಾವ ಹಿರಿಯರಿಗೆ ಕೈ ಮುಗಿದು ತನ್ನ ಕೊನೆಯ ಮಾತು ಹೇಳಿದ.

“ರೊಟ್ಟಿ ಮುರದಾಕಿ ಇವರ ಹೇಣ್ತಿ. ತಿಂದಾಂವ ನಾನು. ಇದರಾಗ ಹುಡುಗಂದೇನ ತಪ್ಪೈತ್ರಿ?”

ಹುಡುಗಿಯ ತಾಯಿ ಒಳಗಿನಿಂದ ಲಟ್ಟಣಿಗೆ ಹಿಡಿದು ಹೊರಗೆ ಬಂದದ್ದು ಕಂಡಿತು. ಆಮೇಲೆ ಯಾರು ಏನು ಅಂದರೋ ನಾವು ಕೇಳಲು ನಿಲ್ಲಲಿಲ್ಲ.

ಕಡಲ ದಂಡೆಗೆ

ಎಂಬತ್ತರ ದಶಕ ಬಂತು. ನನಗೆ ಮೂವತ್ತೆರಡು. ಕಚೇರಿಯಲ್ಲಿ ನನಗಿಂತ ಆರು ವರ್ಷ ಸಣ್ಣವನು ಮಗನ ಮೊದಲ ಕೂದಲು ತೆಗೆಸುವ ಜವಳದ ಕಾರ್ಡು ತಂದು ಕೊಟ್ಟ. ಆ ದಿನ ನನಗೆ ನಿಜವಾಗಿಯೂ ಕೆಟ್ಟೆನಿಸಿತು. ನನ್ನ ಬಾಡಿಗೆ ಖೋಲಿಗೆ ಬಂದು ದೀಪ ಹಚ್ಚದೆ ಕೂತೆ. ಹೀಗೇ ಆದರೆ ನಾನು ಪಿಂಚಣಿಯ ಕಾಗದ ತೆಗೆದುಕೊಂಡು ಹೆಣ್ಣು ನೋಡಲು ಹೋಗಬೇಕಾಗುತ್ತದೆ ಅನಿಸಿತು.

ಆಗ ಬಂದ ಸಂಬಂಧ ಕಾರವಾರದ್ದು. ಹುಡುಗಿಯ ತಂದೆ ಮೂಲತಃ ಕೊಪ್ಪಳದ ಕಡೆಯವರೇ, ಸರ್ಕಾರಿ ನೌಕರಿ ಮೇಲೆ ಹೋಗಿ ಆ ಕಡಲೂರಿನಲ್ಲಿ ನಿಂತವರು. ಹುಡುಗಿ ಅಲ್ಲೇ ಪ್ರಾಥಮಿಕ ಶಾಲೆಯ ಮಾಸ್ತರಿಣಿ. ಕ್ವಾರ್ಟರ್ಸಿನಲ್ಲಿ ಸುಣ್ಣ ಬಳಿಯುತ್ತಿದ್ದಾರೆ, ಕೂಡಲು ಜಾಗವಿಲ್ಲ, ಕಡಲ ದಂಡೆಯಲ್ಲಿ ಹೊಸ ಶೈಲಿಯ ಹೋಟೆಲು ಶುರುವಾಗಿದೆ, ಅಲ್ಲಿ ಭೇಟಿಯಾಗೋಣ ಎಂದು ಅವರು ಕಾಗದ ಬರೆದಿದ್ದರು. ಮಾವನಿಗೆ ಖುಷಿಯೋ ಖುಷಿ. ಹೋಟೆಲಿನಲ್ಲಿ ಮಾದಲಿ ಕೊಟ್ಟು ಮೋಸ ಮಾಡುವವರು ಯಾರೂ ಇರುವುದಿಲ್ಲ.

ಕೊಪ್ಪಳದಿಂದ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಮರುದಿನ ಮಧ್ಯಾಹ್ನ ಕಾರವಾರ ಮುಟ್ಟಿದೆವು. ಕರಿಮಣ್ಣಿನ ಹೊಲದಲ್ಲಿ ಮುಗಿಲು ನೋಡಿಕೊಂಡೇ ವಯಸ್ಸಾದ ಮಾವ ಮೊದಲ ಸಲ ಕಡಲು ನೋಡಿದ. ಬಹಳ ಹೊತ್ತು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ.

“ಇಷ್ಟ ನೀರು ಇಟಗೊಂಡು,” ಅಂದ, “ಒಂದ ಹೊಲಕ್ಕೂ ಬಿಟ್ಟಿಲ್ಲಲ್ಲೋ ಇವರು.”

ನಾಲ್ಕು ತುಂಡು, ಐದು ಮಂದಿ

ಹೋಟೆಲಿನ ಮಾಲೀಕ ಹಡಗಿನಲ್ಲಿ ಅಡುಗೆಯವನಾಗಿ ದೇಶ ದೇಶ ಸುತ್ತಿ ಬಂದವನಂತೆ. ಬಿಳಿ ಗೋಡೆ, ನೀಲಿ ಪರದೆ, ಬೆತ್ತದ ಕುರ್ಚಿ, ಕಿಟಕಿಯಾಚೆ ಕಡಲು. ಮೇಜಿನ ಮೇಲೆ ಮಡಿಚಿಟ್ಟ ಬಿಳಿ ಬಟ್ಟೆಯನ್ನು ಮಾವ ಕೊಡವಿ, ಮುಖ ಒರೆಸಿಕೊಂಡು, ಹೆಗಲಿಗೆ ಹಾಕಿಕೊಂಡ. ನಾವು ಐದು ಮಂದಿ: ಮಾವ, ನಾನು, ಹುಡುಗಿ, ಅವಳ ತಂದೆ, ತಾಯಿ. ಹುಡುಗಿ ಶಾಲೆಯಿಂದ ನೇರವಾಗಿ ಬಂದಿದ್ದಳು, ಬೆರಳಿಗೆ ಇನ್ನೂ ಸೀಮೆಸುಣ್ಣದ ಪುಡಿ ಇತ್ತು. ಅವಳು ಅದನ್ನು ಸೆರಗಿನಲ್ಲಿ ಒರೆಸಿಕೊಳ್ಳುವುದನ್ನು ನೋಡಿದೆ. ನನಗೆ ಅಲ್ಲಿಗೇ ಮನಸ್ಸಾಯಿತು. ಮುಚ್ಚುಮರೆ ಏಕೆ, ಬಹಳ ಮನಸ್ಸಾಯಿತು.

ತಿಂಡಿಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು. ಮಾವ ಅದನ್ನು ಹುಡುಗಿಯ ಕೈಗೆ ಕೊಟ್ಟು, ಇದರಲ್ಲಿ ಊಟ ಇದೆಯೇ ಓದು ಎಂದ. ಅವಳು ಮೇಲಿಂದ ಕೆಳಗಿನವರೆಗೆ ಓದಿ, ಇಲ್ಲಿ ಊಟವೇ ಇಲ್ಲ, ಎಲ್ಲ ಸಣ್ಣ ಸಣ್ಣ ಪ್ಲೇಟುಗಳು, ನಡುವೆ ಇಟ್ಟುಕೊಂಡು ಎಲ್ಲರೂ ಹಂಚಿ ತಿನ್ನಬೇಕು ಎಂದಳು. ಮಾವ ನೆಮ್ಮದಿಯಿಂದ ಕುರ್ಚಿಗೆ ಒರಗಿದ.

ತಲೆ ನರೆತ ಒಬ್ಬ ಮಾಣಿ ಮೊದಲ ಪ್ಲೇಟು ತಂದಿಟ್ಟ. ಪ್ಲೇಟು ನಮ್ಮ ಚಹಾ ಕಪ್ಪಿನ ಕೆಳಗಿನ ಬಸಿಗಿಂತ ಸ್ವಲ್ಪ ದೊಡ್ಡದು, ಅದರಲ್ಲಿ ಹುರಿದ ಬಾಳೆಕಾಯಿ, ನಾಲ್ಕೇ ತುಂಡು. ನಾವು ಐದು ಮಂದಿ.

ಈಗ ನಮ್ಮ ಕಡೆಯ ಮರ್ಯಾದೆ ಶುರುವಾಯಿತು. ನೀವು ತಗೋರಿ ಎಂದರು ಹುಡುಗಿಯ ತಂದೆ. ನೀವು ಮೊದಲು ತಗೋರಿ ಎಂದ ಮಾವ. ಹಿರಿಯರು ನೀವು, ಬೀಗಿತ್ತಿ ತಗೊಳ್ಳಲಿ, ಹುಡುಗ ದೂರದಿಂದ ಬಂದಾನ, ಹುಡುಗಿ ದಣಿದಾಳ. ಪ್ಲೇಟು ಮೇಜಿನ ಸುತ್ತ ಎರಡು ಸುತ್ತು ಹಾಕಿತು. ಯಾರೂ ಮುಟ್ಟಲಿಲ್ಲ. ನಮಗೆ ಇಷ್ಟವಾಗಲಿಲ್ಲ ಎಂದುಕೊಂಡ ಮಾಣಿ ಅದನ್ನು ಎತ್ತಿಕೊಂಡು ಹೋಗಿ ಬೇರೆಯದು ತಂದ. ಅದರಲ್ಲೂ ನಾಲ್ಕು ತುಂಡು. ಮತ್ತೆ ನೀವು ತಗೋರಿ, ನೀವು ತಗೋರಿ. ಅದೂ ಹೋಯಿತು. ಮೂರನೆಯದು ರವೆ ಹಚ್ಚಿ ಕರಿದ ನೀರುಹಲಸು. ಮೀನಿರಬಹುದೆಂದು ಮಾವ ಮೂಸಿ ನೋಡುವಷ್ಟರಲ್ಲಿ ಅದೂ ಹೋಯಿತು.

ಮಾವ ನನ್ನ ಕಿವಿಗೆ ಬಾಯಿ ಹಚ್ಚಿದ. ಮೆಲ್ಲಗೆ ಹೇಳಿದೆ ಎಂದು ಅವನಿಗೆ ಅನಿಸಿತ್ತು, ಇಡೀ ಹೋಟೆಲಿಗೆ ಕೇಳಿತು.

“ತಮ್ಮಾ, ನಾವು ಹೆಣ್ಣು ನೋಡಾಕ ಬಂದ್ರ, ಇವರು ಪ್ಲೇಟು ತೋರಸಾಕತ್ತಾರಲ್ಲೋ.”

ಹುಡುಗಿ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದಳು. ಪಟ್ಟಿ ಅಲುಗಾಡುತ್ತಿತ್ತು.

ಹತ್ತನೆಯ ಪ್ಲೇಟು

ಕೊನೆಗೆ ಹುಡುಗಿಯ ತಂದೆ ಮಾಣಿಗೆ ತಿಳಿಸಿ ಹೇಳಿ, ತೋರಿಸಿ ಒಯ್ದದ್ದನ್ನೆಲ್ಲ ವಾಪಸು ತರಿಸಿದರು. ತುಂಡುಗಳನ್ನು ಅರ್ಧ ಅರ್ಧ ಮಾಡಿ ತಿನ್ನತೊಡಗಿದೆವು. ಬಾಯಿಗಿಟ್ಟರೆ ಬಹಳ ರುಚಿ, ನುಂಗಿದರೆ ಹೊಟ್ಟೆಗೆ ಗೊತ್ತೇ ಆಗುತ್ತಿರಲಿಲ್ಲ. ಹುಡುಗಿಗಂತೂ ಬಂದವರ ಮುಂದೆ ತಿನ್ನಬಾರದೆಂದು ತಾಯಿಯ ಅಪ್ಪಣೆಯಿದ್ದಿರಬೇಕು, ಏನನ್ನೂ ಮುಟ್ಟದೆ ಕೂತಿದ್ದಳು. ಒಂದರ ಹಿಂದೆ ಒಂದು ಪ್ಲೇಟು ಬಂತು. ಆರನೆಯದರ ಹೊತ್ತಿಗೆ ಮಾವನಿಗೆ ಸಂಶಯ ಬಂತು. ಮಾಣಿಯನ್ನು ಕರೆದು, ಇದು ನಾಷ್ಟಾವೋ ಊಟವೋ ಎಂದು ಕೇಳಿದ.

“ಅದು ನಿಮಗೆ ಬಿಟ್ಟದ್ದು ಮಾರಾಯ್ರೆ,” ಅಂದ ಮಾಣಿ. “ನಾಲ್ಕು ಪ್ಲೇಟು ತಿಂದ್ರೆ ತಿಂಡಿ, ಹತ್ತು ತಿಂದ್ರೆ ಊಟ. ನಮ್ಮ ಯಜಮಾನ್ರು ಹಾಗೇ ಹೇಳೋದು.”

ಇಪ್ಪತ್ತು ವರ್ಷ ಕಡಲ ಗಾಳಿ ಕುಡಿದಿದ್ದರೂ ಹುಡುಗಿಯ ತಂದೆ ನಮ್ಮ ಕಡೆಯವರು. ಮಾವನ ಪ್ರಶ್ನೆಯ ಅರ್ಥ ಅವರಿಗೆ ಕೂಡಲೇ ಹೊಳೆಯಿತು. ಅಲ್ಲಿಂದ ಇಬ್ಬರ ನಡುವೆ ಪಂದ್ಯ ಶುರುವಾಯಿತು. ಅವರು ತರಿಸುವುದು, ಮಾವ ಸಾಕು ಅನ್ನುವುದು. ಏಳು ಬಂತು. ಎಂಟು ಬಂತು. ಒಂಬತ್ತನೆಯದನ್ನು ಖಾಲಿ ಮಾಡಿ ಮಾವ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅವನ ಹೊಟ್ಟೆ ಗೊಳಗೊಳ ಅನ್ನುವುದು ನನಗೆ ಕೇಳುತ್ತಿತ್ತು.

ಮಾಣಿ ಹತ್ತನೆಯದನ್ನು ತಂದಿಟ್ಟ. ಬೆಣ್ಣೆ, ಬೆಳ್ಳುಳ್ಳಿ ಹಚ್ಚಿ ಕೆಂಪಗೆ ಸುಟ್ಟ ನಾಲ್ಕು ತುಂಡು. ವಾಸನೆಗೆ ಬಾಯಲ್ಲಿ ನೀರು ಬಂತು. ಇದೇನು ಎಂದು ಹುಡುಗಿಯ ತಂದೆ ಕೇಳಿದರು.

“ರೊಟ್ಟಿ,” ಅಂದ ಮಾಣಿ.

ಮಾವ ಕುರ್ಚಿಯಿಂದ ಎದ್ದೇಬಿಟ್ಟ. ಇದು ಬ್ರೆಡ್ಡು, ರೊಟ್ಟಿ ಹೇಗಾಗುತ್ತದೆ ಎಂದ. ನಮ್ಮ ಊರಿನಲ್ಲಿ ಇದಕ್ಕೆ ರೊಟ್ಟಿ ಅಂತಲೇ ಹೇಳುವುದು ಎಂದ ಮಾಣಿ. ಹೌದು ಹೌದು, ನಾನೂ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ ಎಂದು ಹುಡುಗಿಯ ತಂದೆ ದನಿಗೂಡಿಸಿದರು. ಹತ್ತನೆಯ ಪ್ಲೇಟು, ಅದರಲ್ಲೂ ರೊಟ್ಟಿ. ಅವರ ಮುಖ ಅರಳಿತ್ತು. ಜ್ವರ ಬಂದವರು ಚಹಾದಲ್ಲಿ ಅದ್ದಿ ತಿನ್ನುವ ವಸ್ತು ಇದು, ಜಡ್ಡಿನವರ ತಿಂಡಿಯಿಂದ ಲಗ್ನ ಗಟ್ಟಿಯಾಗುವುದಿಲ್ಲ ಎಂದ ಮಾವ. ಹುಡುಗಿಯ ತಂದೆಗೆ ಸಿಟ್ಟು ಬಂತು. ನನ್ನ ಮಗಳೇನು ಜಡ್ಡಿನವಳೇ ಎಂದರು. ಮಾವ ಹಾಗಂದಿರಲಿಲ್ಲ, ಆದರೆ ಹಾಗನ್ನಲಿಲ್ಲ ಎಂದು ಹೇಳುವ ಬದಲು ದನಿ ಏರಿಸಿದ. ಪಕ್ಕದ ಮೇಜಿನವರು ತಿನ್ನುವುದು ಬಿಟ್ಟು ನೋಡತೊಡಗಿದರು.

ಈ ಹೆಣ್ಣೂ ಕೈ ತಪ್ಪಿತು. ಇಲ್ಲಿಂದ ಎದ್ದು, ಹೋಟೆಲಿನ ಮೆಟ್ಟಿಲಿಳಿದು, ಘಟ್ಟ ಹತ್ತಿ, ಮತ್ತೆ ಆ ಖೋಲಿಯಲ್ಲಿ ದೀಪ ಹಚ್ಚದೆ ಕೂಡಬೇಕು ಅನಿಸಿತು.

ಆಗ ಹುಡುಗಿ ಕೈ ಚಾಚಿದಳು. ಪ್ಲೇಟಿನಿಂದ ಒಂದು ತುಂಡು ಎತ್ತಿಕೊಂಡು ಎಲ್ಲರ ಎದುರಿಗೆ ಮುರಿದಳು. ಅರ್ಧ ನನ್ನ ಪ್ಲೇಟಿನಲ್ಲಿಟ್ಟಳು.

“ನಾ ಮುಂಜಾನಿಂದ ಏನೂ ತಿಂದಿಲ್ಲ,” ಅಂದಳು. “ನಿಮಗೂ ಹಸದಂಗ ಐತಿ. ಇವರು ಮಾತಾಡೂದು ಮುಗಿಯೂದಿಲ್ಲ. ತಿನ್ರಿ.”

ಅವಳ ತಾಯಿ ಬಾಯಿಗೆ ಸೆರಗು ಹಿಡಿದರು. ವಾದ ನಿಂತಿತು. ಮಾವ ನನ್ನ ಪ್ಲೇಟನ್ನು ನೋಡಿದ, ನನ್ನನ್ನು ನೋಡಿದ.

“ತಮ್ಮಾ, ಇಚಾರ ಮಾಡು. ಅದನ್ನ ತಿಂದ್ರ ಊಟ ಆತು.”

ಅದು ರೊಟ್ಟಿಯೇ ಅಲ್ಲ ಎಂದು ಅಷ್ಟು ಹೊತ್ತು ಕೂಗಾಡಿದ್ದು ಅವನಿಗೆ ಮರೆತೇ ಹೋಗಿತ್ತು.

“ಇಚಾರ ಮಾಡೇನಿ ಮಾವಾ,” ಅಂದೆ. “ನಾ ಉಣ್ಣಾಕ ಬಂದೀನಿ.”

ಬಾಯಿಗೆ ಹಾಕಿಕೊಂಡೆ. ಮೂವತ್ತೆರಡು ವರ್ಷದಲ್ಲಿ ನಾನು ಮಾವನಿಗೆ ಎದುರಾಡಿದ್ದು ಅದೇ ಮೊದಲು. ಅವಳೂ ತನ್ನ ಅರ್ಧ ತಿಂದಳು. ಅದು ಕುರುಕುರು ಅನ್ನುವ ಸದ್ದೊಂದೇ ಮೇಜಿನ ಮೇಲೆ ಕೇಳುತ್ತಿತ್ತು. ಮಾವ ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಕೂತ. ಹೆಗಲ ಮೇಲಿದ್ದ ಬಿಳಿ ಬಟ್ಟೆಯಿಂದ ಇನ್ನೊಂದು ಸಲ ಮುಖ ಒರೆಸಿಕೊಂಡ. ಹುಡುಗಿಯ ತಂದೆಗೆ ಕೈ ಮುಗಿದ, ಅವರೂ ಮುಗಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿ ಮಾಣಿಯನ್ನು ಕರೆದ. ಮೊದಲನೆಯ ಪ್ಲೇಟಿನಿಂದ ಹಿಡಿದು ಹತ್ತೂ ಪ್ಲೇಟನ್ನು ಮತ್ತೆ ತಗೊಂಡು ಬಾ, ಈ ಸಲ ಒಬ್ಬೊಬ್ಬರಿಗೆ ಒಂದೊಂದು ಎಂದ.

ಮಾಣಿ ಕಣ್ಣು ಕಣ್ಣು ಬಿಟ್ಟ.

“ಹಾಗಾದ್ರೆ ಇಷ್ಟು ಹೊತ್ತು ತಿಂದದ್ದು ಎಂತ ಮಾರಾಯ್ರೆ?”

“ಅದು ಹೆಣ್ಣು ನೋಡಿದ್ದು,” ಅಂದ ಮಾವ. “ಈಗ ಊಟಕ್ಕ ಹಾಕು.”